ಮೈಸೂರು ಸ್ಟೇಷನ್ನಿನಲ್ಲಿ ಕೊಡೆ ಹಿಡಿದ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳುವಷ್ಟು ಹೊತ್ತು ಸಿಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕಾಮಿಕ್ಸ್ ಅಭಿಮಾನಿಗಳೆಲ್ಲ ಸೇರುವ ಮೇಳ, ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೊರಟಿದ್ದೆ. ಮೈಸೂರು ರೈಲ್ವೆ ಸ್ಟೇಷನ್ ಎದುರು ಆಟೋ ಇಳಿಯುತ್ತಿದ್ದಂತೆ ಬ್ಯಾಗಿನ ಹೊಲಿಗೆ ಬಿಚ್ಚಿತು. ಹಳೇ ಕಾಮಿಕ್ಸ್ ಎಲ್ಲ ಮಳೆಯಲ್ಲಿ ಚೆಲ್ಲಿದವು. ನೀವು ಓಡಿ ಬಂದು ಮೊದಲು ಕೊಡೆ ಹಿಡಿದದ್ದು ನನಗಲ್ಲ, ಪುಸ್ತಕಗಳಿಗೆ!

1964ರಲ್ಲಿ ಶುರುವಾಗಿ 1990ರಲ್ಲಿ ನಿಂತ ಇಂದ್ರಜಾಲ ಕಾಮಿಕ್ಸ್‌ನ ಕನ್ನಡ ಸಂಚಿಕೆಗಳು ಅವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆಯ ಹಳೇ ಪ್ರತಿಗಳೂ ಇದ್ದವು. ಆ ಕಾಲದ ಕಾಗದ ನೀರು ಕುಡಿದರೆ ಉಬ್ಬುತ್ತದೆ, ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ಪಿನ್ನು ತುಕ್ಕು ಹಿಡಿದು ನಡುಪುಟದಲ್ಲಿ ಕಂದು ಕಲೆ ಬಿಡುತ್ತದೆ. ಆಮೇಲೆ ಏನು ಮಾಡಿದರೂ ಹೋಗಲ್ಲ.

ಇದೆಲ್ಲ ನಿಮಗೆ ಯಾರು ಹೇಳಿಕೊಟ್ಟರೋ! ಒಂದನ್ನೂ ಮಡಚಲಿಲ್ಲ. ಒದ್ದೆಯಾದವನ್ನು ಉಜ್ಜಲಿಲ್ಲ, ಸೆರಗಿನಿಂದ ಸುಮ್ನೆ ಒತ್ತಿ ನೀರು ತೆಗೆದಿರಿ. ಒಣಗಿದ್ದವನ್ನು ಬೇರೆ ಇಟ್ಟಿರಿ. ನಿಮ್ಮ ಹೊಸ ಸೀರೆಗಳ ಪ್ಲಾಸ್ಟಿಕ್ ಕವರ್ ಬಿಚ್ಚಿ ಅದರೊಳಗೆ ಸೇರಿಸಿದಿರಿ. ಸೀರೆಗಳನ್ನು ಹಾಗೇ ಕೈಚೀಲಕ್ಕೆ ತುರುಕಿಕೊಂಡಿರಿ. ಅದು ನನಗೆ ಈಗಲೂ ಸಂಕಟ.

ಆ ಸಂಚಿಕೆಗಳು ಕಾಮಿಕ್ ಕಾನ್ ತಲುಪಿದವು. ಅಲ್ಲಿ ಪರಿಚಯವಾದ ಸಂಗ್ರಾಹಕರೊಬ್ಬರು ತಮ್ಮ ಬಳಿ ಇಲ್ಲದ ಕನ್ನಡ ಸಂಚಿಕೆಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ಕನ್ನಡದವು ಸಿಗುವುದೇ ಕಷ್ಟ, ಅಲ್ವಾ? ಒಂದೆರಡರ ಅಂಚು ಸೊಟ್ಟಗಾಗಿದೆ, ಅಷ್ಟೇ. ಮಿಕ್ಕವೆಲ್ಲ ಚೆನ್ನಾಗಿವೆ ಅಕ್ಕಾ. ತುಂಬಾ ಥ್ಯಾಂಕ್ಸ್.