ಸಚಿವರೇ, ಒಂಬತ್ತು ಡಿಗ್ರಿ ಕಾಲುವೆಗೆ ಹಡಗು ಎಳೆಯುವ ಒಂದು ಟಗ್ ಕೊಡಿ

ಕೇಂದ್ರ ಬಂದರು ಮತ್ತು ಹಡಗು ಸಾರಿಗೆ ಸಚಿವರಿಗೆ ನಮಸ್ಕಾರ.

ಮಂಗಳೂರಿನ ಹಳೆ ಬಂದರಿಗೆ ಬಂದರೆ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳು, ಅಂದರೆ ಸರಕು ಸಾಗಿಸುವ ದೋಣಿಗಳು, ಕಾಣಿಸುತ್ತವೆ. ಜಲ್ಲಿ, ಸಿಮೆಂಟು, ಅಕ್ಕಿ, ಈರುಳ್ಳಿ ಎಲ್ಲ ಇಲ್ಲಿಂದಲೇ ಹೋಗುತ್ತವೆ. ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ನಮ್ಮ ಜಿಲ್ಲೆಗೇ ಸೇರಿದ್ದವು. ಹಾಗಾಗಿ ಲಕ್ಷದ್ವೀಪ ಅಂದರೆ ನಮಗೆ ನೆರೆಮನೆ.

ನಾನು ಬರೆಯುತ್ತಿರುವುದು ಇನ್ನೂ ತೆಂಕಲಿರುವ ಮಿನಿಕಾಯ್ ಬಗ್ಗೆ. ಉಳಿದ ದ್ವೀಪಗಳಿಗೂ ಅದಕ್ಕೂ ನಡುವೆ ಒಂಬತ್ತು ಡಿಗ್ರಿ ಕಾಲುವೆ ಇದೆ. ಹೆಸರು ಕಾಲುವೆ, ಅಗಲ ಸುಮಾರು 200 ಕಿ.ಮೀ. ಸೂಯೆಜ್ ಕಡೆಯಿಂದ ಶ್ರೀಲಂಕಾ ಬಳಸಿ ಸಿಂಗಾಪುರದತ್ತ ಹೋಗುವ ತೈಲದ ಹಡಗು, ಕಂಟೇನರ್ ಹಡಗುಗಳಲ್ಲಿ ಬಹಳಷ್ಟು ಇದೇ ದಾರಿ ಹಿಡಿಯುತ್ತವೆ. ಅವುಗಳಿಗೆ ದಾರಿ ತೋರಿಸಲು 1885ರಿಂದ ಮಿನಿಕಾಯ್‌ನಲ್ಲಿ ದೀಪಸ್ತಂಭವಿದೆ.

ಅಲ್ಲಿಯವರು ಟ್ಯೂನಾಗೆ ಬಲೆ ಹಾಕುವುದಿಲ್ಲ. ಹವಳದ ದಿಬ್ಬದ ಒಳಗಿನ ತಿಳಿನೀರಿನಲ್ಲಿ ಬೆರಳುದ್ದದ ಮೀನು ಹಿಡಿದು ದೋಣಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಆಮೇಲೆ ಕಡಲಿಗೆ ಹೋಗಿ ಅದನ್ನು ಚೆಲ್ಲಿ, ಮೇಲೆ ನೀರು ಚಿಮುಕಿಸಿ, ಮೇಲೆದ್ದ ಟ್ಯೂನಾವನ್ನು ಕೋಲುಗಾಳದಿಂದ ಒಂದೊಂದಾಗಿ ಎತ್ತುತ್ತಾರೆ. ಬೇಯಿಸಿ, ಹೊಗೆಯಾಡಿಸಿ, ಒಣಗಿಸಿದರೆ ಅದೇ ಮಾಸ್. ಆ ತಿಳಿನೀರಿಗೆ ಎಣ್ಣೆ ಬಿದ್ದರೆ ಸಣ್ಣ ಮೀನು ಹೋಯಿತು, ಅದರ ಹಿಂದೆಯೇ ಊರಿನ ಕಸುಬೂ ಹೋಯಿತು.

ಸುಮ್ನೆ ಹೆದರಿಸುತ್ತಿಲ್ಲ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್ ಸಮೇತ ಕೊಚ್ಚಿ ಹತ್ತಿರ ಮುಳುಗಿತು. ತಿರುವನಂತಪುರದ ಕಡಲತಡಿಯಲ್ಲಿ ಜನ ಜರಡಿ ಹಿಡಿದು, ಆ ಹಡಗಿನಿಂದ ತೇಲಿಬಂದ ಪ್ಲಾಸ್ಟಿಕ್ ಕಾಳನ್ನು ಮರಳಿನಿಂದ ಬೇರ್ಪಡಿಸಬೇಕಾಯಿತು. ಜೂನ್ 9ರಂದು ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ಅದರಲ್ಲಿದ್ದ 22 ಜನರ ಪೈಕಿ 18 ಜನರನ್ನು ನಮ್ಮ ನವಮಂಗಳೂರು ಬಂದರಿಗೇ ಕರೆತಂದರು, ನಾಲ್ವರು ಸಿಗಲಿಲ್ಲ. ಇವೆರಡೂ ನಡೆದದ್ದು ಕೇರಳದ ಕರೆಯಾಚೆ, ನೌಕಾಪಡೆ, ಕೋಸ್ಟ್ ಗಾರ್ಡ್ ಬೇಗ ತಲುಪುವ ಜಾಗದಲ್ಲಿ. ಮಿನಿಕಾಯ್ ಕೊಚ್ಚಿಯಿಂದ ಸುಮಾರು 400 ಕಿ.ಮೀ. ದೂರದಲ್ಲಿದೆ.

ಜುಲೈ ತಿಂಗಳ ಮಧ್ಯರಾತ್ರಿ, ಗಾಳಿ ಜಾಸ್ತಿ ಇರುವಾಗ, ತೈಲ ತುಂಬಿದ ಹಡಗೊಂದರ ಇಂಜಿನ್ ಈ ಕಾಲುವೆಯಲ್ಲಿ ಕೆಟ್ಟು ಅದು ದ್ವೀಪದ ಕಡೆ ತೇಲತೊಡಗಿದರೆ, ಅದನ್ನು ಎಳೆಯುವ ಟಗ್ ಎಷ್ಟು ಗಂಟೆಯಲ್ಲಿ ಬರುತ್ತದೆ? ಇದೊಂದಕ್ಕೆ ಉತ್ತರ ಕೊಡಿ. ಈ ಕಾಲುವೆಗೆಂದೇ ವರ್ಷವಿಡೀ ಒಂದು ಬಲವಾದ ಟಗ್ ಇರಲಿ. ಎಣ್ಣೆ ತಡೆಯುವ ತೇಲುಬೇಲಿಗಳು ಮಿನಿಕಾಯ್‌ನಲ್ಲೇ ಇರಲಿ, ಅವನ್ನು ಹಾಕುವ ತರಬೇತಿ ಅಲ್ಲಿನ ಮೀನುಗಾರರಿಗೇ ಸಿಗಲಿ. ಆ ನೀರು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅಲ್ವಾ?

ನಿಮ್ಮ ಉತ್ತರವನ್ನು ಮಹಲ್ ಭಾಷೆಯಲ್ಲೂ ಅಚ್ಚು ಹಾಕಿಸಿ. ಮಿನಿಕಾಯ್ ಜನ ಆಡುವುದು ಅದನ್ನೇ.

ಇಂತಿ,
ಮಂಗಳೂರಿನ ಒಬ್ಬ ನಾಗರಿಕ