ಜಪಾನಿಗೆ ಹೋದವರ ಬಗ್ಗೆ ನಿನಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕಾರ್ ರೇಸಿನ ಡ್ರೈವರ್‌ಗಳ ಬಗ್ಗೆ ನೀನು ಹೇಳಿದ ಮಾತು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. "ಯುರೋಪಿನಲ್ಲಿ ಸೀಟು ಸಿಗದವನು ಜಪಾನಿಗೆ ಹೋಗ್ತಾನೆ, ಅಲ್ಲಿಗೆ ಅವನ ಕತೆ ಮುಗೀತು" ಅಂದೆಯಲ್ಲ. ಅಷ್ಟರಲ್ಲಿ ಬಸ್ಸು ಬಂತು, ಫೋನ್ ಇಟ್ಟೆ. ಆದರೆ ಮನೆ ತಲುಪುವವರೆಗೂ ಮನಸ್ಸಿನಲ್ಲೇ ನಿನಗೆ ಉತ್ತರ ಕೊಡುತ್ತಾ ಕೂತಿದ್ದೆ. ಅದನ್ನೇ ಈಗ ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರು ಮಾಡ್ಕೋಬೇಡ. ನಿನ್ನ ಹಾಗೆ ಅಂದುಕೊಂಡವರು ಇನ್ನೂ ಸುಮಾರು ಜನ ಇದ್ದಾರೆ.

ಅಲೆಕ್ಸ್ ಪಲೋನಿಂದಲೇ ಶುರು ಮಾಡುತ್ತೇನೆ. 2025ರಲ್ಲಿ ಅವನು ಅಮೆರಿಕದ ದೊಡ್ಡ ರೇಸ್ ಇಂಡಿ 500 ಗೆದ್ದ ರಾತ್ರಿ ನನಗೆ ಮೊದಲು ಮೆಸೇಜ್ ಮಾಡಿದವನು ನೀನೇ. ಆ ರೇಸ್ ಗೆದ್ದ ಮೊದಲ ಸ್ಪೇನಿನವನು ಅವನು. ಅದೇ ವರ್ಷ ಆ ರೇಸ್ ಸೇರಿದ ಇಂಡಿಕಾರ್ ಸರಣಿಯ ಚಾಂಪಿಯನ್ ಪಟ್ಟವೂ ಅವನದೇ ಆಯಿತು, 2021, 2023, 2024 ಆದ ಮೇಲೆ ನಾಲ್ಕನೆಯದು. ಸರಿ, ಇವನು ಅಮೆರಿಕಕ್ಕೆ ಬಂದದ್ದು ಎಲ್ಲಿಂದ? 2017ರಲ್ಲಿ ಜಪಾನಿನ ಎಫ್3 ಓಡಿಸಿದ, ಫಾರ್ಮುಲಾ ಒನ್‌ಗೆ (ಎಫ್1) ಹತ್ತುವ ಕೆಳಗಿನ ಮೆಟ್ಟಿಲು ಅದು. ಒಂದು ವರ್ಷ ಯುರೋಪಿಗೆ ವಾಪಸ್ ಹೋಗಿ, 2019ರಲ್ಲಿ ಮತ್ತೆ ಜಪಾನಿಗೆ ಬಂದು, ಅಲ್ಲಿನ ಅತಿ ಮೇಲಿನ ಒಂಟಿ ಸೀಟಿನ ಕಾರುಗಳ ಸರಣಿ ಸೂಪರ್ ಫಾರ್ಮುಲಾದಲ್ಲಿ ನಕಾಜಿಮಾ ರೇಸಿಂಗ್ ಟೀಮಿನ ಕಾರು ಹತ್ತಿದ. ಫುಜಿ ಟ್ರ್ಯಾಕಿನಲ್ಲಿ ಗೆದ್ದ, ಕೊನೆಗೆ ಚಾಂಪಿಯನ್‌ಶಿಪ್‌ನಲ್ಲಿ ಮೂರನೆಯವನಾದ. ಮರುವರ್ಷ ಇಂಡಿಕಾರ್‌ನಲ್ಲಿ ಸಿಕ್ಕ ಮೊದಲ ಸೀಟಿನ ಹಿಂದೆ ನಿಂತದ್ದೂ ಜಪಾನಿನ ಟೀಮ್ ಗೋ. ಇದನ್ನು ಕತೆ ಮುಗೀತು ಅನ್ನೋದಾ?

ಇದಕ್ಕೆಲ್ಲ ಮೂಲ ದುಡ್ಡು ಕಣೋ. ಯುರೋಪಿನಲ್ಲಿ ಎಫ್3, ಅದರ ಮೇಲಿನ ಎಫ್2 ಹತ್ತುವ ಹುಡುಗ ಗೆದ್ದರೂ ಸೋತರೂ ಸೀಟಿನ ಹಣ ಅವನೇ ಹೊಂದಿಸಬೇಕು. ಅಪ್ಪನ ಹತ್ತಿರ ಇರಬೇಕು, ಇಲ್ಲ ಯಾವುದಾದರೂ ಕಂಪನಿ ಕೈ ಹಿಡಿಯಬೇಕು. ಬ್ರಿಟನ್ನಿನ ಝಾಕ್ ಓ'ಸಲಿವನ್‌ನ ನೋಡು, 2024ರಲ್ಲಿ ಮೊನಾಕೊದಲ್ಲಿ ಎಫ್2 ರೇಸ್ ಗೆದ್ದವನು, ಅದೇ ವರ್ಷ ಸೀಸನ್ ಮುಗಿಯುವ ಮುಂಚೆಯೇ ದುಡ್ಡು ಖಾಲಿಯಾಗಿ ಕಾರಿನಿಂದ ಇಳಿಯಬೇಕಾಯಿತು. 2025ರಲ್ಲಿ ಅವನಿಗೆ ಕಾರು ಕೊಟ್ಟದ್ದು ಜಪಾನಿನ ಕೊಂಡೊ ರೇಸಿಂಗ್. ಅಲ್ಲಿಯೂ ಎಲ್ಲ ಸೀಟು ಪುಕ್ಕಟೆ ಅಂತ ನಾನು ಹೇಳುತ್ತಿಲ್ಲ. ಆದರೆ ಟೊಯೋಟಾ, ಹೋಂಡಾ, ನಿಸ್ಸಾನ್ ಕಣ್ಣಿಗೆ ಬಿದ್ದು ಕಂಪನಿಯ ಡ್ರೈವರ್ ಆದೆ ಅಂದರೆ ಓಡಿಸುವುದಕ್ಕೆ ಸಂಬಳ ಬರುತ್ತದೆ. ಒಂದೇ ವರ್ಷದಲ್ಲಿ ಸೂಪರ್ ಫಾರ್ಮುಲಾ ಒಂದು, ಸೂಪರ್ ಜಿಟಿ ಅನ್ನುವ ಸ್ಪೋರ್ಟ್ಸ್ ಕಾರು ಸರಣಿ ಒಂದು, ಎರಡೆರಡು ಕೆಲಸ. ಮೂವತ್ತು ದಾಟಿದ ಮೇಲೂ ವರ್ಷ ವರ್ಷ ಕಾರಿನಲ್ಲಿ ಕೂರಬಹುದು. ಡ್ರೈವರ್‌ಗೆ ಇದಕ್ಕಿಂತ ಜಾಸ್ತಿ ಏನು ಬೇಕು ಹೇಳು.

ಹಾಗಂತ ಸುಲಭದ ಜಾಗ ಅಲ್ಲ. ಜಪಾನಿನ ಸುಜುಕಾ 1962ರ ಟ್ರ್ಯಾಕ್, ಎಂಟರ ಆಕಾರದಲ್ಲಿ ತನ್ನ ಮೇಲೇ ತಾನು ದಾಟಿಹೋಗುತ್ತದೆ. ಸ್ವಲ್ಪ ತಪ್ಪಿದರೂ ಜಲ್ಲಿಗೆ ಬೀಳುತ್ತೀಯ. ಅಲ್ಲೇ ಹುಟ್ಟಿ ಬೆಳೆದ ಹುಡುಗರು ಕಣ್ಣು ಮುಚ್ಚಿಕೊಂಡು ಓಡಿಸುವ ತಿರುವುಗಳಲ್ಲಿ ನೀನು ಹೊಸಬ. ಇಂಜಿನಿಯರ್ ಮಾತಾಡುವುದು ಜಪಾನಿ ಭಾಷೆ. ಸೂಪರ್ ಜಿಟಿಯಲ್ಲಂತೂ ಒಂದು ಕಾರಿಗೆ ಇಬ್ಬರು, ನಿನ್ನ ಜೊತೆಗಾರನಿಗೆ ಒಪ್ಪುವ ಹಾಗೆ ಕಾರು ಹೊಂದಿಸಿಕೊಳ್ಳಬೇಕು. ಮೇಲಿನ ಜಿಟಿ500 ವರ್ಗದಲ್ಲಿ ಗಳಿಸಿದ ಒಂದೊಂದು ಪಾಯಿಂಟಿಗೆ ಎರಡೆರಡು ಕಿಲೋ ಲೆಕ್ಕದಲ್ಲಿ ಮುಂದಿನ ರೇಸಿಗೆ ಭಾರ ಹೇರುತ್ತಾರೆ. ಗೆದ್ದಷ್ಟೂ ಭಾರ. ಇಂಥದ್ದರಲ್ಲಿ ಇಟಲಿಯ ರೋನಿ ಕ್ವಿಂಟರೆಲ್ಲಿ ನಾಲ್ಕು ಸಲ ಚಾಂಪಿಯನ್ ಆದ, 2011, 2012, 2014, 2015. ಅವನ ಹೆಸರು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಜಪಾನಿನಲ್ಲಿ ಅವನು ದೊಡ್ಡ ಹೆಸರು, ಅಲ್ಲಿನ ಭಾಷೆಯನ್ನೂ ಚೆನ್ನಾಗಿ ಕಲಿತವನು.

ಫ್ರಾನ್ಸಿನ ಪಿಯೆರ್ ಗ್ಯಾಸ್ಲಿಯದು ನಿನಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. 2017ರಲ್ಲಿ ಅವನು ಎರಡು ರೇಸ್ ಗೆದ್ದು ಸೂಪರ್ ಫಾರ್ಮುಲಾ ಪಟ್ಟದ ಹತ್ತಿರ ಬಂದಿದ್ದ. ಅಷ್ಟರಲ್ಲಿ ಎಫ್1 ಸೀಟೂ ಸಿಕ್ಕಿತ್ತು. ಸುಜುಕಾದ ಕೊನೆಯ ಸುತ್ತಿಗಾಗಿ ಅಮೆರಿಕದ ಎಫ್1 ರೇಸನ್ನೇ ಬಿಟ್ಟು ಬಂದ. ಬಂದರೆ ಚಂಡಮಾರುತ. ರೇಸ್ ರದ್ದು. ಅರ್ಧ ಪಾಯಿಂಟಿನಲ್ಲಿ ಪಟ್ಟ ಹಿರೋಆಕಿ ಇಶಿಯುರಾಗೆ ಹೋಯಿತು. ಅರ್ಧ ಪಾಯಿಂಟ್! ಎಫ್1 ಸಿಕ್ಕ ಮೇಲೂ ಆ ಪಟ್ಟಕ್ಕಾಗಿ ಒಬ್ಬ ಡ್ರೈವರ್ ಅಷ್ಟು ದೂರ ಬಂದ ಅಂದರೆ ಅದು ಮುಗಿದುಹೋದವರ ಜಾಗ ಹೇಗಾಗುತ್ತದೆ?

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ. ಆಂದ್ರೆ ಲೊಟ್ಟರರ್. ಜರ್ಮನಿಯಲ್ಲಿ ಹುಟ್ಟಿ ಬೆಲ್ಜಿಯಂನಲ್ಲಿ ಬೆಳೆದವನು. 2002ರಲ್ಲಿ ಜಾಗ್ವಾರ್ ಎಫ್1 ಟೀಮಿನ ಟೆಸ್ಟ್ ಡ್ರೈವರ್. ಇನ್ನೇನು ರೇಸ್ ಸೀಟು ಸಿಕ್ಕಿತು ಅನ್ನುವಾಗ ಬೇರೆಯವರಿಗೆ ಹೋಯಿತು. ಇಪ್ಪತ್ತೊಂದು ವರ್ಷದ ಹುಡುಗ 2003ರಲ್ಲಿ ಜಪಾನಿಗೆ ಬಂದ. ಆಗ ಸೂಪರ್ ಫಾರ್ಮುಲಾಗೆ ಫಾರ್ಮುಲಾ ನಿಪ್ಪಾನ್ ಅಂತ ಹೆಸರು. ಅಲ್ಲಿಂದ ಲೆಕ್ಕ ಹಾಕು, ಅವನು ಆ ಪಟ್ಟ ಗೆದ್ದದ್ದು 2011ರಲ್ಲಿ. ಒಂಬತ್ತನೇ ವರ್ಷ! ನಡುವೆ 2006 ಮತ್ತು 2009ರಲ್ಲಿ ಜುಯಿಚಿ ವಾಕಿಸಾಕಾ ಜೊತೆಗೂಡಿ ಜಿಟಿ500 ಗೆದ್ದಿದ್ದ. ಆದರೂ ಜಪಾನಿನ ಹೊರಗೆ ಅವನ ಹೆಸರು ಕೇಳಿದವರು ಕಡಿಮೆ.

ಬಾಗಿಲು ತೆರೆದದ್ದು ಹೇಗೆ ಗೊತ್ತಾ? 2009ರ ಲೆ ಮಾನ್ಸ್, ಫ್ರಾನ್ಸಿನ ಇಪ್ಪತ್ನಾಲ್ಕು ಗಂಟೆಯ ರೇಸ್. ಒಂದು ಖಾಸಗಿ ಟೀಮಿನ ಆಡಿ ಕಾರಿಗೆ ಮೂವರು ಡ್ರೈವರ್‌ಗಳು, ಲೊಟ್ಟರರ್, ಚಾರ್ಲ್ಸ್ ಜ್ವೋಲ್ಸ್‌ಮನ್, ಮತ್ತು ನಮ್ಮ ನರೇನ್ ಕಾರ್ತಿಕೇಯನ್. ರೇಸ್ ಶುರುವಾಗುವ ಮುಂಚೆ ನರೇನ್ ಪಿಟ್ (ಕಾರು ನಿಲ್ಲಿಸಿ ಇಂಧನ ತುಂಬುವ ಜಾಗ) ಗೋಡೆಯಿಂದ ಬಿದ್ದು ಭುಜದ ಕೀಲು ತಪ್ಪಿಸಿಕೊಂಡ. ಉಳಿದ ಇಬ್ಬರೇ ಇಪ್ಪತ್ನಾಲ್ಕು ಗಂಟೆ ಹಂಚಿಕೊಂಡು ಓಡಿಸಿದರು, ಏಳನೇ ಸ್ಥಾನಕ್ಕೆ ತಂದರು. ಲೊಟ್ಟರರ್‌ಗೆ ಅದು ಅಲ್ಲಿ ಮೊದಲ ಸಲ. ಮರುವರ್ಷ ಆಡಿ ಕಂಪನಿಯೇ ಅವನನ್ನು ಕರೆದುಕೊಂಡಿತು. 2011ರಲ್ಲಿ ಲೆ ಮಾನ್ಸ್ ಗೆದ್ದ, ಇಡೀ ದಿನ ಓಡಿದ ಮೇಲೆ ಎರಡನೇ ಕಾರಿಗೂ ಇವರಿಗೂ ಇದ್ದ ಅಂತರ ಬರೀ 13.8 ಸೆಕೆಂಡ್. ಆಮೇಲೆ 2012, 2014. ಮೂರೂ ಸಲ ಜೊತೆಗಿದ್ದ ಬೆನ್ವಾ ಟ್ರೆಲುಯೇ ಕೂಡ ಜಪಾನಿನಲ್ಲೇ ಪಳಗಿದವನು, 2006ರ ಫಾರ್ಮುಲಾ ನಿಪ್ಪಾನ್ ಚಾಂಪಿಯನ್.

ಇಷ್ಟಾದ ಮೇಲೆ 2014ರಲ್ಲಿ ಒಂದೇ ಒಂದು ಎಫ್1 ರೇಸ್, ಬೆಲ್ಜಿಯಂನ ಸ್ಪಾದಲ್ಲಿ, ಕೇಟರ್‌ಹ್ಯಾಮ್ ಕಾರು. ರೇಸಿಗೆ ಯಾರು ಎಲ್ಲಿ ನಿಲ್ಲಬೇಕು ಅಂತ ಗೊತ್ತುಮಾಡುವ ಕ್ವಾಲಿಫೈಯಿಂಗ್‌ನಲ್ಲಿ, ಮಳೆಯಲ್ಲಿ, ತನ್ನ ಟೀಮಿನ ಎರಿಕ್ಸನ್‌ಗಿಂತ ಸುಮಾರು ಒಂದು ಸೆಕೆಂಡ್ ಬೇಗ ಬಂದ. ರೇಸಿನಲ್ಲಿ ಕಾರು ಶುರುವಿನಲ್ಲೇ ಕೈಕೊಟ್ಟಿತು. ಹನ್ನೆರಡು ವರ್ಷ ಎಫ್1 ಕಣ್ಣೆತ್ತಿ ನೋಡದಿದ್ದ ಮನುಷ್ಯ, ಬಂದ ದಿನವೇ ವೇಗವಾಗಿದ್ದ. ಅವನು ವೇಗ ಕಾಪಾಡಿಕೊಂಡದ್ದು ಎಲ್ಲಿ ಅಂತ ನೀನೇ ಯೋಚಿಸು. 2017ರವರೆಗೂ ಅವನು ಸೂಪರ್ ಫಾರ್ಮುಲಾ ಬಿಡಲಿಲ್ಲ.

ಜಪಾನಿಗೆ ಹೋದ ಹುಡುಗರ ಮಾತು ಬಂದರೆ ಅವರಿಗೆ ಕಾರು ಕೊಟ್ಟವರ ಹೆಸರು ಯಾರೂ ಎತ್ತುವುದಿಲ್ಲ, ಅದು ನನಗೆ ಬೇಜಾರು. ಕಜುಯೋಶಿ ಹೊಶಿನೊ ಅಂತ ಒಬ್ಬ ಜಪಾನಿ ಡ್ರೈವರ್. ತೊಂಬತ್ತರ ದಶಕದಲ್ಲಿ ಅಲ್ಲಿಗೆ ಹೋದ ವಿದೇಶಿಯರೆಲ್ಲ ಮೀರಬೇಕಾಗಿದ್ದದ್ದು ಅವನನ್ನೇ. 1993ರಲ್ಲಿ ಎಡ್ಡಿ ಇರ್ವಿನ್ ಜಪಾನಿನ ಎಫ್3000ದಲ್ಲಿ (ಫಾರ್ಮುಲಾ ನಿಪ್ಪಾನ್‌ಗೂ ಮೊದಲಿದ್ದ ಸರಣಿ) ಅವನಿಗೆ ಸೋತು ಎರಡನೆಯವನಾದ, ಅದೇ ವರ್ಷ ಸುಜುಕಾದಲ್ಲಿ ಮೊದಲ ಎಫ್1 ರೇಸ್ ಓಡಿಸಿ ಆರನೆಯವನಾದ. ಮುಂದೆ ಹೊಶಿನೊ ತನ್ನ ಇಂಪುಲ್ ಟೀಮಿನಲ್ಲಿ ವಿದೇಶಿಯರಿಗೇ ಕಾರು ಕೊಟ್ಟ. ಟ್ರೆಲುಯೇ ಅವನ ಕಾರಿನಲ್ಲಿ ಚಾಂಪಿಯನ್, 2010ರಲ್ಲಿ ಬ್ರೆಜಿಲ್‌ನ ಒಲಿವೇರಾ ಕೂಡ. ಇನ್ನೊಬ್ಬ ಸತೋರು ನಕಾಜಿಮಾ. 1987ರಲ್ಲಿ ಲೋಟಸ್ ಎಫ್1 ಟೀಮಿನಲ್ಲಿ ಬ್ರೆಜಿಲ್‌ನ ದೊಡ್ಡ ಡ್ರೈವರ್ ಸೆನ್ನಾ ಪಕ್ಕದ ಕಾರು ಓಡಿಸಿದವನು, ಯುರೋಪಿನಲ್ಲಿ ತಾನೇ ವಿದೇಶಿಯಾಗಿ ಬದುಕಿದವನು. ವಾಪಸ್ ಬಂದು ಟೀಮ್ ಕಟ್ಟಿದ. ಕೊರೊನೆಲ್ 1999, ಫರ್ಮನ್ 2002, ಡುವಾಲ್ 2009, ಮೂವರು ಹೊರಗಿನವರು ಅವನ ಕಾರಿನಲ್ಲಿ ಚಾಂಪಿಯನ್ ಆದರು. ಜಪಾನಿಗೆ ಬಂದ ಲೊಟ್ಟರರ್‌ಗೂ ಮೊದಲು ಕಾರು ಕೊಟ್ಟದ್ದು ಅವನೇ. ದೂರದ ಊರಿನಲ್ಲಿ ಭಾಷೆ ಬರದೆ ಕೂತ ಹುಡುಗನ ಕಷ್ಟ ಅವನಿಗೆ ಗೊತ್ತಿತ್ತು ಅಂತ ನನಗನ್ನಿಸುತ್ತದೆ.

ಹೊಶಿನೊ ಟೀಮಿನ ಬರ್ಟ್ರಾಂಡ್ ಬಾಗೆಟ್‌ನ ಬಿಡುವ ಹಾಗಿಲ್ಲ. 2011ರ ಇಂಡಿ 500, ಮುಗಿಯಲು ಮೂರು ಲ್ಯಾಪ್ ಬಾಕಿ, ಈ ಬೆಲ್ಜಿಯಂ ಹುಡುಗ ಎಲ್ಲರಿಗಿಂತ ಮುಂದೆ. ಟ್ಯಾಂಕಿನಲ್ಲಿ ಇಂಧನ ಸಾಲಲಿಲ್ಲ. ಪಿಟ್‌ಗೆ ಹೋಗಬೇಕಾಯಿತು, ಏಳನೇ ಸ್ಥಾನ. ಅಂಥ ದಿನ ಒಬ್ಬನ ಬಾಳಲ್ಲಿ ಎರಡು ಸಲ ಬರುವುದಿಲ್ಲ. 2014ರಲ್ಲಿ ಜಪಾನಿಗೆ ಬಂದು ಹೋಂಡಾ ಓಡಿಸಿದ, ವರ್ಷಗಟ್ಟಲೆ. ಆಮೇಲೆ ಇಂಪುಲ್‌ಗೆ ಬಂದ. 2022ರಲ್ಲಿ ಕಜುಕಿ ಹಿರಾಮಿನೆ ಜೊತೆ ಆ ನೀಲಿ ಬಣ್ಣದ 12ನೇ ನಂಬರಿನ ನಿಸ್ಸಾನ್‌ನಲ್ಲಿ ಜಿಟಿ500 ಗೆದ್ದ. ಇಂಪುಲ್ ಈ ಪಟ್ಟ ಕಂಡು 27 ವರ್ಷ ಆಗಿತ್ತು. ಇಂಡಿಯಲ್ಲಿ ಕೈತಪ್ಪಿ ಹನ್ನೊಂದು ವರ್ಷ.

ಇನ್ನೊಂದು ಹೆಸರಿದೆ, ಬರೆಯುವಾಗ ಕೈ ನಿಧಾನವಾಗುತ್ತದೆ. ರೋಲಂಡ್ ರಾಟ್ಜೆನ್‌ಬರ್ಗರ್. ನಾವೆಲ್ಲ ಅವನನ್ನು ನೆನೆಯುವುದು ಸೆನ್ನಾ ಸಾಯುವ ಹಿಂದಿನ ದಿನ ಇಟಲಿಯ ಇಮೋಲಾ ಟ್ರ್ಯಾಕಿನಲ್ಲಿ ಸತ್ತವನು ಅಂತ. ಅಷ್ಟೇ ಅಲ್ಲ ಅವನು. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನವನು. ವರ್ಷಗಟ್ಟಲೆ ಜಪಾನಿನಲ್ಲಿ ಟೂರಿಂಗ್ ಕಾರು, ಸ್ಪೋರ್ಟ್ಸ್ ಕಾರು, ಎಫ್3000 ಅಂತ ಸಿಕ್ಕಿದ್ದೆಲ್ಲ ಓಡಿಸಿ ಎಫ್1 ಕನಸನ್ನು ಜೀವಂತ ಇಟ್ಟುಕೊಂಡಿದ್ದ. ಮೂವತ್ತಮೂರನೇ ವಯಸ್ಸಿಗೆ ಸಿಮ್‌ಟೆಕ್ ಅನ್ನುವ ಸಣ್ಣ ಟೀಮಿನಲ್ಲಿ ಐದು ರೇಸಿನ ಸೀಟು ಸಿಕ್ಕಿತು. ಬ್ರೆಜಿಲ್‌ನಲ್ಲಿ ಅರ್ಹತೆ ತಪ್ಪಿತು. ಎರಡನೇ ರೇಸ್ ಎಲ್ಲಿ ಹೇಳು? ಜಪಾನಿನ ಐಡಾದಲ್ಲಿ. 1994ರ ಏಪ್ರಿಲ್ 17. ಹನ್ನೊಂದನೆಯವನಾಗಿ ಮುಗಿಸಿದ. ಅವನ ಬಾಳಿನ ಒಂದೇ ಒಂದು ಎಫ್1 ರೇಸ್, ಅವನನ್ನು ಸಾಕಿದ ದೇಶದಲ್ಲೇ. ಎರಡು ವಾರಕ್ಕೆ ಇಮೋಲಾ.

ಆ ಜೂನ್‌ನಲ್ಲಿ ಲೆ ಮಾನ್ಸ್‌ನಲ್ಲಿ ಅವನು ಟೊಯೋಟಾ ಓಡಿಸಬೇಕಿತ್ತು. ಅವನ ಜಾಗಕ್ಕೆ ಇರ್ವಿನ್ ಬಂದ. ಜೊತೆಗೆ ಮೌರೊ ಮಾರ್ಟಿನಿ, ಜೆಫ್ ಕ್ರಾಸ್ನಾಫ್. ಮೂವರೂ ಜಪಾನಿನಲ್ಲೇ ಬದುಕು ಕಟ್ಟಿಕೊಂಡವರು. ಕಾರಿನ ಮೇಲೆ ರೋಲಂಡ್ ಹೆಸರನ್ನು ಹಾಗೇ ಉಳಿಸಿದರು. ಕೊನೆಯ ಹೊತ್ತಿನಲ್ಲಿ ಮುಂದಿದ್ದಾಗ ಗೇರಿನ ಜೋಡಣೆ ಮುರಿಯಿತು, ರಿಪೇರಿ ಮಾಡಿ ಮತ್ತೆ ಓಡಿಸಿ ಎರಡನೇ ಸ್ಥಾನಕ್ಕೆ ತಂದರು. ಆ ಕಾರಿನ ಫೋಟೊ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಎಲ್ಲರಿಗೂ ಕೂಡಿಬರುವುದಿಲ್ಲ, ಅದೂ ನಿಜ. 2023ರ ಎಫ್2 ಚಾಂಪಿಯನ್ ತೆಯೊ ಪೂರ್ಷೇರ್ ಮರುವರ್ಷ ಸುಜುಕಾದಲ್ಲಿ ಒಂದೇ ರೇಸ್ ಓಡಿಸಿ ಅಮೆರಿಕಕ್ಕೆ ಹೋದ. ಅವನು ಇನ್ನೂ ಸ್ವಲ್ಪ ನಿಲ್ಲಬೇಕಿತ್ತು ಅಂತ ನನಗನ್ನಿಸುತ್ತದೆ. ಸಾಶಾ ಫೆನೆಸ್ಟ್ರಾಜ್ ಕೊರೋನಾ ಕಾಲದಲ್ಲಿ ಗಡಿ ಮುಚ್ಚಿ, ವೀಸಾ ಇಲ್ಲದೆ 2021ರ ಬಹುಪಾಲು ರೇಸ್ ಕಳೆದುಕೊಂಡ. ಆದರೂ 2022ರಲ್ಲಿ ಸೂಪರ್ ಫಾರ್ಮುಲಾದಲ್ಲಿ ಎರಡನೆಯವನಾದ. ಫಾರ್ಮುಲಾ ಇಗೆ (ವಿದ್ಯುತ್ ಕಾರುಗಳ ಸರಣಿ) ಹೋಗಿ, ಮತ್ತೆ ಜಪಾನಿಗೇ ಬಂದ.

ಕೊನೆಗೆ ನರೇನ್ ವಿಷಯ. 2005ರ ಮಾರ್ಚ್‌ನಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಿಮ್ಮ ಮನೆ ಟಿವಿ ಮುಂದೆ ಕೂತು, ಮೆಲ್ಬರ್ನ್‌ನಲ್ಲಿ ಅವನ ಮೊದಲ ಎಫ್1 ರೇಸಿಗೆ ಆ ಹಳದಿ ಜೋರ್ಡನ್ ಕಾರು ಹೊರಟದ್ದನ್ನು ನೋಡಿದ್ದು ನೆನಪಿದೆಯಾ? ನಿಮ್ಮಮ್ಮ ದೋಸೆ ಹಾಕಿ ಕರೆದರೂ ನಾವು ಏಳಲಿಲ್ಲ. 2012ರಲ್ಲಿ ಅವನ ಎಫ್1 ಮುಗಿಯಿತು, ನಾವೂ ಅವನನ್ನು ಅಲ್ಲಿಗೇ ಬಿಟ್ಟೆವು. ಅವನು ಬಿಟ್ಟಿರಲಿಲ್ಲ. 2014ರಿಂದ 2018ರವರೆಗೆ ಐದು ವರ್ಷ ಸೂಪರ್ ಫಾರ್ಮುಲಾ, ಆಮೇಲೆ ನಕಾಜಿಮಾ ಟೀಮಿನ ಹೋಂಡಾ ಎನ್‌ಎಸ್‌ಎಕ್ಸ್‌ನಲ್ಲಿ ಜಿಟಿ500. 2019ರ ನವೆಂಬರ್ 24ರಂದು ಫುಜಿಯಲ್ಲಿ ಸೂಪರ್ ಜಿಟಿ ಕಾರುಗಳನ್ನೂ ಜರ್ಮನಿಯ ಡಿಟಿಎಂ ಸರಣಿಯ ಕಾರುಗಳನ್ನೂ ಒಟ್ಟಿಗೆ ಬಿಟ್ಟ ರೇಸಿತ್ತು. ಒಂದು ಕಡೆ ಆಡಿ, ಬಿಎಂಡಬ್ಲ್ಯು. ಇನ್ನೊಂದು ಕಡೆ ಹೋಂಡಾ, ನಿಸ್ಸಾನ್, ಲೆಕ್ಸಸ್. ಅಷ್ಟು ಕಾರುಗಳ ನಡುವೆ ಮೊದಲು ಗೆರೆ ದಾಟಿದವನು ನರೇನ್, ನಲವತ್ತೆರಡು ವರ್ಷದ ಕೊಯಮತ್ತೂರಿನವನು. ನಾನು ಆ ರೇಸಿನ ವಿಡಿಯೊವನ್ನು ತುಂಬಾ ತಡವಾಗಿ ನೋಡಿದೆ. ಅವತ್ತು ನಾವಿಬ್ಬರೂ ಒಂದು ಫೋನ್ ಕೂಡ ಮಾಡಿಕೊಂಡಿರಲಿಲ್ಲ.

ವಿಡಿಯೊ ಕೊಂಡಿ ಕಳಿಸಿದ್ದೇನೆ, ಪೂರ್ತಿ ನೋಡು. ಜಪಾನಿನ ಮಧ್ಯಾಹ್ನ ಎರಡು ಗಂಟೆ ಅಂದರೆ ನಮಗೆ ಬೆಳಿಗ್ಗೆ ಹತ್ತೂವರೆ, ನಿದ್ದೆ ಕೆಡುವ ಮಾತೇ ಇಲ್ಲ. ಮುಂದಿನ ಸುಜುಕಾ ರೇಸ್ ಭಾನುವಾರ ನಾನು ನಿಮ್ಮ ಮನೆಗೇ ಬರುತ್ತೇನೆ. ಅಮ್ಮನಿಗೆ ಈಗಲೇ ಹೇಳಿಡು.

ನಿನ್ನ,
ಹಳೇ ಬೆಂಚಿನ ಗೆಳೆಯ