ನಿನ್ನ ಫೋಟಾನ್ ಸತ್ತಿದ್ದು ಗ್ರೀಸ್‌ನಲ್ಲಿ

ಪುಟ್ಟಿ,

ನಿನ್ನ ಮೆಸೇಜ್ ನೋಡಿದೆ. ಒಂದು ಫೋಟಾನೂ (ಬೆಳಕಿನ ಕಣ) ಪಿಎಂಟಿ, ಅಂದರೆ ಬೆಳಕು ಹಿಡಿಯುವ ನಳಿಗೆ, ತಲುಪ್ತಿಲ್ಲ, ಇದು ಕಣಗಳ ಓಟವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಜಿಯಾಂಟ್4 ಪ್ರೋಗ್ರಾಮಿನದೇ ತಪ್ಪು ಅಂತ ಬರೆದಿದ್ದೀಯ. ಅಲ್ಲ ಕಣೇ. ಬಿಜಿಒ ಹರಳಿಗೆ (ವಿಕಿರಣ ಬಿದ್ದರೆ ಬೆಳಕು ಚಿಮ್ಮಿಸುವಂಥದ್ದು) ವಕ್ರೀಭವನ ಸೂಚ್ಯಂಕ ಕೊಟ್ಟಿದ್ದೀಯ, ಪಿಎಂಟಿ ಗಾಜಿಗೂ ಕೊಟ್ಟಿದ್ದೀಯ, ನಡುವೆ ಎರಡನ್ನೂ ಬೆಸೆಯಲು ಹಚ್ಚುವ ಗ್ರೀಸ್‌ಗೆ ಮರೆತಿದ್ದೀಯ. ಮುಂದಿನ ವಸ್ತುವಿಗೆ ರಿಂಡೆಕ್ಸ್ (ಅದೇ ಸೂಚ್ಯಂಕ) ಇಲ್ಲ ಅಂದ್ರೆ ಜಿಯಾಂಟ್4 ಫೋಟಾನನ್ನು ಗಡಿಯಲ್ಲೇ ಕೊಂದುಬಿಡುತ್ತದೆ. 1.46ರ ಆಸುಪಾಸು ಹಾಕಿ ಓಡಿಸು.

ಗಾಮಾ, ಎಲೆಕ್ಟ್ರಾನ್ ಓಡಿಸಿದ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಅಲ್ಲಿ ಸಾಂದ್ರತೆ, ಯಾವ ಧಾತು ಎಷ್ಟು ಅಂತ ಹೇಳಿದರೆ ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ಬೆಳಕಿಗೆ ಎಲ್ಲವನ್ನೂ ನೀನೇ ಉಣಿಸಬೇಕು. ಜಿಯಾಂಟ್4 ಜೊತೆ ಬರುವ ಸಿದ್ಧ ವಸ್ತುಗಳ ನಿಸ್ಟ್ ಪಟ್ಟಿಯಿಂದ ತಂದ ಬಿಜಿಒ ಒಳಗೂ ಬೆಳಕಿನ ಗುಣ ಒಂದೂ ಇರಲ್ಲ.

ಗ್ರೀಸ್ ಸರಿಯಾದ ಮೇಲೆ ಇನ್ನೊಂದು ತಮಾಷೆ ಕಾದಿದೆ. ಬಿಜಿಒ ಸೂಚ್ಯಂಕ 2.15, ಗಾಳಿಗೆ ಹೊರಬೀಳಬೇಕಾದರೆ ಫೋಟಾನು ಲಂಬಕ್ಕೆ ಸುಮಾರು 28 ಡಿಗ್ರಿಯ ಒಳಗೆ ಬಂದು ತಾಗಬೇಕು, ಇಲ್ಲದಿದ್ದರೆ ಪೂರ್ತಿ ಒಳಕ್ಕೇ ಪ್ರತಿಫಲನ. ನಿನ್ನದು ಕನ್ನಡಿಯಷ್ಟು ನುಣುಪಾದ ಚೌಕ ಹರಳು, ಅಲ್ವಾ? ಅಂಥದ್ದರಲ್ಲಿ ಓರೆಯಾಗಿ ಹೊರಟ ಫೋಟಾನು ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತದೆ. ಹೀರುವ ಉದ್ದ (ಹೀರಿಹೋಗುವ ಮುನ್ನ ಬೆಳಕು ಸರಾಸರಿ ಎಷ್ಟು ದೂರ ಹೋಗುತ್ತೆ ಅನ್ನೋದು) ಕೊಡದಿದ್ದರೆ ಅದಕ್ಕೆ ಸಾವೇ ಇಲ್ಲ, ಪ್ರೋಗ್ರಾಮ್ ಹ್ಯಾಂಗ್ ಆಯ್ತು ಅಂತ ಮತ್ತೆ ನನಗೆ ಮೆಸೇಜ್ ಮಾಡ್ತೀಯ. ನಿಜವಾದ ಹರಳು ಅಷ್ಟು ನುಣುಪಾಗಿರಲ್ಲ. ಮೇಲ್ಮೈಗೆ ಒರಟುತನ ಲೆಕ್ಕ ಹಾಕುವ ಯೂನಿಫೈಡ್ ಮಾದರಿ ತಗೊಂಡು ಸ್ವಲ್ಪ ಒರಟು ಕೊಡು.

ನಾನು ಮಾಡಿದ ಪೆದ್ದುತನ ಒಂದು ಹೇಳ್ತೀನಿ, ನಗಬೇಡ. ಹೀರುವ ಉದ್ದ 50 ಸೆಂಟಿಮೀಟರ್ ಅಂದುಕೊಂಡು ಬರೀ 50 ಅಂತ ಬರೆದಿದ್ದೆ. ಘಟಕ ಬರೆಯದಿದ್ದರೆ ಅದು ಮಿಲಿಮೀಟರ್ ಅಂತ ತಿಳಿಯುತ್ತದೆ, ಅಂದರೆ ನನ್ನ ಹರಳು 5 ಸೆಂಟಿಮೀಟರ್‌ಗೇ ಬೆಳಕು ನುಂಗುತ್ತಿತ್ತು. ಪಿಎಂಟಿಗೆ ಬೆಳಕು ಕಮ್ಮಿ ಬಂತು. ನಾನೇನು ಮಾಡಿದೆ? ಹರಳಿಗೆ ಸುತ್ತಿದ ಟೆಫ್ಲಾನ್‌ನ ಪ್ರತಿಫಲನ ಹೆಚ್ಚಿಸುತ್ತಾ ಹೋದೆ, 0.95, 0.97, 0.99... ಅಳತೆಗೆ ಕೂತಿತು! ಎರಡು ತಿಂಗಳು ಮೀಸೆ ತಿರುವಿಕೊಂಡು ಓಡಾಡಿದೆ. ಆಮೇಲೆ ಉದ್ದನೆಯ ಹರಳು ಹಾಕಿದಾಗ ಎಲ್ಲಾ ಎಕ್ಕುಟ್ಟಿ ಹೋಯಿತು. ಅದಕ್ಕೇ ಹೇಳೋದು, ಒಂದೇ ಅಳತೆಗೆ ಕೂರಿಸೋಕೆ ನಂಬರ್ ತಿರುಚಬೇಡ. ಎರಡು ಬೇರೆ ಉದ್ದದ ಹರಳು ಅಳೆದು, ಹೀರುವ ಉದ್ದ, ಪ್ರತಿಫಲನ ಈ ಒಂದೇ ಜೋಡಿ ನಂಬರ್ ಎರಡಕ್ಕೂ ಒಪ್ಪುತ್ತಾ ನೋಡು.

ಶಕ್ತಿಯ ಲೆಕ್ಕದಲ್ಲಿ ಫೋಟಾನುಗಳನ್ನು ಸೇರಿಸಬೇಡ. 511 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಬಿದ್ದರೆ ಬಿಜಿಒದಲ್ಲಿ ಸುಮಾರು 4000 ಫೋಟಾನು ಹುಟ್ಟುತ್ತವೆ, ಒಂದೊಂದಕ್ಕೆ 2.6 ಇವಿ ಅಂದರೂ ಒಟ್ಟು ಶೇ 2ರಷ್ಟೇ. ಆದರೆ ಅದನ್ನು ಹುಟ್ಟಿಸಿದ ಕಣದಿಂದ ಜಿಯಾಂಟ್4 ಕಳೆಯುವುದಿಲ್ಲ, ನೀನು ಕೂಡಿಸಿದರೆ ಎರಡು ಸಲ ಎಣಿಸಿದ ಹಾಗೆ.

ಸೀನಿಯರ್ ಕೊಟ್ಟ ಹಳೇ ಕೋಡ್ ಅಂದೆಯಲ್ಲ, ಅದರಲ್ಲಿ ಫಾಸ್ಟ್‌ಕಾಂಪೊನೆಂಟ್ ಅಂತ ಇದ್ದರೆ ಬದಲಿಸು. ಜಿಯಾಂಟ್4ರ 11ನೇ ಆವೃತ್ತಿಗೆ ಬೆಳಕಿನ ಗುಣಗಳ ಆ ಹಳೇ ಹೆಸರುಗಳು ಹೋಗಿವೆ.

ಈಗ ಸಾವಿರಗಟ್ಟಲೆ ಓಡಿಸಬೇಡ. ಪ್ರೋಗ್ರಾಮಿನಲ್ಲಿ ಕಣ ಹಾರಿಸುವ ಗನ್‌ನಿಂದ ಒಂದೇ ಒಂದು ಫೋಟಾನು ಬಿಡು, ಧ್ರುವೀಕರಣ ಕೊಡೋದು ಮರೀಬೇಡ, ಟ್ರ್ಯಾಕಿಂಗ್ ವರ್ಬೋಸ್ 1 ಮಾಡಿ ಪ್ರತಿ ಹೆಜ್ಜೆಯಲ್ಲಿ ಎಲ್ಲಿದೆ ಅಂತ ಓದು. ಗ್ರೀಸ್ ದಾಟಿತಾ ಅಂತ ರಾತ್ರಿ ಹೇಳು, ಎಚ್ಚರವಾಗೇ ಇರ್ತೀನಿ.

ನಿನ್ನ ಮಾಮ